ನಲ್ಲಿಯ ಬಾಯಲ್ಲಿ ಸುಣ್ಣ, ನೆಲದ ಮೇಲೆ ಕಬ್ಬಿಣ

ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್ ಒಂದರ ಸಂಪಿಗೆ 6,000 ಲೀಟರಿನ ಟ್ಯಾಂಕರ್ ನೀರು ಸುರಿದು ಹೋಗುತ್ತದೆ. ಆ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಎಂದುಕೊಳ್ಳಿ. ಬೋರ್‌ವೆಲ್ ನೀರಿಗೆ ಇದೇನೂ ಅತಿಶಯದ ಅಂಕಿಯಲ್ಲ. ಗುಣಿಸಿ ನೋಡಿದರೆ, ಸುಣ್ಣದ ಕಲ್ಲಿನ ತೂಕಕ್ಕೆ ಇಳಿಸಿದಾಗ, ಆ ಒಂದು ಟ್ಯಾಂಕರಿನಲ್ಲಿ 2 ಕೆಜಿ 400 ಗ್ರಾಂ ಖನಿಜ ಕರಗಿ ಕುಳಿತಿದೆ. ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ತಿಳಿ ನೀರು, ಏನೂ ಕಾಣದು. ಅದರಲ್ಲಿ ಬಹುಪಾಲು ಮೋರಿಗೆ ಹರಿದುಹೋಗುತ್ತದೆ. ಮಿಕ್ಕಿದ್ದು ನಲ್ಲಿಯ ಬಾಯಲ್ಲಿ, ಶವರಿನ ತೂತುಗಳಲ್ಲಿ, ಗೀಸರಿನ ಕಾಯಿಲ್ ಮೇಲೆ, ಬಚ್ಚಲಿನ ಗಾಜಿನ ಬಾಗಿಲಿನ ಮೇಲೆ, ಇಡ್ಲಿ ಪಾತ್ರೆಯ ತಳದಲ್ಲಿ ಬಿಳಿಯಾಗಿ ಕೂರುತ್ತದೆ. ಗೀಸರ್ ರಿಪೇರಿಗೆ ಬಂದವರು ಕಾಯಿಲ್ ಹೊರಗೆಳೆದು 'ಉಪ್ಪು ಕಟ್ಟಿದೆ ಸಾರ್' ಎನ್ನುವುದು ಇದನ್ನೇ.

ಕರಾವಳಿಗೆ ಇಳಿದರೆ ಬಣ್ಣ ಬದಲಾಗುತ್ತದೆ. ಅಲ್ಲಿ ಬಕೆಟಿನ ಒಳಮೈ ಕೆಂಪು, ಕಮೋಡಿನ ಒಳಗೆ ನೀರು ಇಳಿಯುವ ಜಾಡು ಕೆಂಪು, ಬಿಳಿ ಪಂಚೆಯ ಅಂಚಿಗೆ ತೊಳೆದಷ್ಟೂ ಏರುವ ಕಾವಿ ಬಣ್ಣ.

ಎರಡನ್ನೂ ನಾವು ಕೊಳೆ ಎಂದೇ ಎಣಿಸಿ ಸೋಪಿನ ಪುಡಿ ಹಾಕಿ ಉಜ್ಜುತ್ತೇವೆ. ಸೋಪಿಗೆ ಜಿಡ್ಡು ಬಿಡಿಸುವುದು ಗೊತ್ತು, ಕಲ್ಲು ಕರಗಿಸುವುದು ಗೊತ್ತಿಲ್ಲ. ಬಿಳಿಯದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು. ಕೆಂಪಿನದು ಕಬ್ಬಿಣದ ಆಕ್ಸೈಡ್, ಅಂದರೆ ಅದಿರು. ಇವನ್ನು ತೆಗೆಯಲು ಹುಳಿ, ಎಂದರೆ ಆಮ್ಲ ಬೇಕು. ತೊಡಕು ಇರುವುದು ಇಲ್ಲಿ: ನಮ್ಮ ಮನೆಗಳ ನೆಲ, ಗೋಡೆ, ಜಗಲಿಗಳೂ ಹಲವು ಕಡೆ ಇದೇ ಸುಣ್ಣ, ಇದೇ ಕಬ್ಬಿಣದಿಂದ ಆದವು. ಆಮ್ಲಕ್ಕೆ ಕಲೆ ಯಾವುದು, ನೆಲ ಯಾವುದು ಎಂಬ ಭೇದ ತಿಳಿಯದು. ಆ ಭೇದವನ್ನು ಬಾಟಲಿ ಎತ್ತುವವರೇ ತಿಳಿದಿರಬೇಕು.

ಮೊದಲು ಬಿಳಿಯ ಕಥೆ. ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ಅಡಿಯಲ್ಲಿರುವುದು ಗಟ್ಟಿ ನೈಸ್ ಶಿಲೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಹೊತ್ತು ನಿಂತ ಬಂಡೆ ಅದೇ ಶಿಲೆಯದು, ವಯಸ್ಸು ಸುಮಾರು 300 ಕೋಟಿ ವರ್ಷ. ಮಳೆನೀರು ಮಣ್ಣಿಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರಾ ಸೌಮ್ಯವಾದ ಆಮ್ಲವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ತಂಗಿ, ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸಿಕೊಳ್ಳುತ್ತದೆ. ಕಾವೇರಿಯ ನೀರಿಗೆ ಅಷ್ಟು ಪುರುಸೊತ್ತಿಲ್ಲ, ಅದು ಮೇಲೆಯೇ ಹರಿದು ಬಂದದ್ದು. ಸಾವಿರ ಅಡಿ ಕೊರೆದು ಎತ್ತುವ ನೀರು ಕಲ್ಲಿನ ಸಹವಾಸ ಮಾಡಿಯೇ ಬಂದಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹೇಳುತ್ತದೆ. ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ.

ಪ್ರಯೋಗಾಲಯದ ಪರೀಕ್ಷೆ ಬರುವ ಎಷ್ಟೋ ಮೊದಲೇ ನಮ್ಮ ಹೆಂಗಸರು ನೀರನ್ನು ಬೇಳೆಯಿಂದ ಪರೀಕ್ಷಿಸುತ್ತಿದ್ದರು. 'ಆ ಬಾವಿ ನೀರಿಗೆ ಬೇಳೆ ಬೇಯಲ್ಲ' ಎಂದರೆ ಮುಗಿಯಿತು, ಕೊಡ ಬೇರೆ ಬಾವಿಗೆ ಹೋಗುತ್ತಿತ್ತು. ಅದು ನೂರಕ್ಕೆ ನೂರು ಸರಿಯಾದ ರಸಾಯನಶಾಸ್ತ್ರ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್‌ಗೆ ನೀರಿನ ಕ್ಯಾಲ್ಸಿಯಂ ಬೆಸೆದುಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಸೋಪು ನೊರೆ ಬರದೆ ಬೆಣ್ಣೆಯಂಥ ಗಂಟು ಕಟ್ಟುವುದಕ್ಕೂ ಅದೇ ಕ್ಯಾಲ್ಸಿಯಂ ಕಾರಣ. ಅಂಟುವಾಳ, ಸೀಗೆಕಾಯಿಗಳ ನೊರೆ ಬೇರೆ ಜಾತಿಯದು, ಕ್ಯಾಲ್ಸಿಯಂ ಸಿಕ್ಕರೂ ಗಂಟು ಕಟ್ಟುವುದಿಲ್ಲ. ಗಡಸು ನೀರಿನ ಊರುಗಳಲ್ಲಿ ಅಂಟುವಾಳವನ್ನು ಬಿಡದೆ ಬಳಸಿದವರು ಕಾರಣ ತಿಳಿದು ಬಳಸಿದರೋ ಇಲ್ಲವೋ, ಫಲವಂತೂ ಸಿಕ್ಕಿತು.

ಈ ನೀರು ಕಲ್ಲಾಗುವುದು ಕಾಯಿಸಿದಾಗ. ಉಪ್ಪು, ಸಕ್ಕರೆಗಳು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಸುಣ್ಣದ ಕಲ್ಲಿನದು ತಿರುವುಮುರುವು. ಕಾವೇರಿದಂತೆ ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಹಾರುತ್ತದೆ, ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ ಕೆಳಗಿಳಿಯುತ್ತದೆ, ಎಲ್ಲಕ್ಕಿಂತ ಬಿಸಿಯಾದ ಜಾಗಕ್ಕೆ ಅಂದರೆ ಕಾಯಿಲ್‌ಗೇ ಅಂಟುತ್ತದೆ. ತಾಮ್ರ ಶಾಖ ದಾಟಿಸುವಷ್ಟು ಸುಲಭವಾಗಿ ಈ ಪದರ ದಾಟಿಸದು, ಅದರ ಸಾಮರ್ಥ್ಯ ತಾಮ್ರದ ನೂರನೇ ಒಂದು ಪಾಲೂ ಇಲ್ಲ. ಕಾಯಿಲ್ ತನ್ನ ಶಾಖದಲ್ಲಿ ತಾನೇ ಬೆಂದು ಒಂದು ದಿನ ಸುಟ್ಟುಹೋಗುತ್ತದೆ. ಹಳೆಯ ಬಚ್ಚಲಿನ ತಾಮ್ರದ ಹಂಡೆಯೊಳಗೂ ಇದೇ ಪದರ ಕಟ್ಟುತ್ತಿತ್ತು. ಹಂಡೆಗೆ ಒಲೆಯ ಉರಿಯಿದ್ದುದರಿಂದ ಸುಟ್ಟುಹೋಗುವ ಕಾಯಿಲ್ ಇರಲಿಲ್ಲ, ಹೆಚ್ಚೆಂದರೆ ಒಂದೆರಡು ಸೌದೆ ಜಾಸ್ತಿ ಬೇಕಾಗುತ್ತಿತ್ತು.

ಬಿಳಿ ಪದರಕ್ಕೆ ಔಷಧ ಅಡುಗೆಮನೆಯಲ್ಲೇ ಇದೆ. ಯಾವ ಹುಳಿಯಾದರೂ ಸರಿ: ನಿಂಬೆರಸ, ವಿನೆಗರ್, ಹುಣಸೆ. ಹುಳಿ ಬಿದ್ದ ಕೂಡಲೇ ಸಣ್ಣ ಗುಳ್ಳೆಗಳೆದ್ದರೆ ಅದು ಸುಣ್ಣವೇ ಎಂದು ಖಾತ್ರಿ, ಏಳುತ್ತಿರುವುದು ಇಂಗಾಲದ ಡೈಆಕ್ಸೈಡ್. ಪ್ರೆಶರ್ ಕುಕ್ಕರಿನ ತಳದ ನೀರಿಗೆ ನಿಂಬೆ ಸಿಪ್ಪೆಯನ್ನೋ ಹುಣಸೆ ಚೂರನ್ನೋ ಹಾಕುವ ರೂಢಿ ಎಷ್ಟೋ ಮನೆಗಳಲ್ಲಿದೆ. ಗಡಸು ನೀರು ಕುದಿದಾಗ ಕ್ಷಾರವಾಗಿ ಅಲ್ಯೂಮಿನಿಯಂ ಕಪ್ಪಾಗುತ್ತದೆ, ಚೂರು ಹುಳಿ ಆ ಕ್ಷಾರವನ್ನು ಮುರಿಯುತ್ತದೆ. ಸುಣ್ಣ ಅಂಟುವುದೂ ತಪ್ಪುತ್ತದೆ.

ಆದರೆ ಎಷ್ಟು ಹುಳಿ ಬೇಕು ಎಂಬ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಅಂಗಡಿಯ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಇರುವುದು ಶೇ 4ರಿಂದ 5, ಉಳಿದದ್ದು ನೀರು. 10 ಗ್ರಾಂ ಸುಣ್ಣದ ಪದರ ಕರಗಬೇಕಾದರೆ ಕನಿಷ್ಠ 240 ಮಿಲಿಲೀಟರ್ ವಿನೆಗರ್ ಖರ್ಚಾಗಲೇಬೇಕು. ಬಟ್ಟೆಗೆ ನಾಲ್ಕು ಹನಿ ಚಿಮುಕಿಸಿ ಒರೆಸಿ 'ವಿನೆಗರ್ ಕೆಲಸಕ್ಕೆ ಬಾರದು' ಎನ್ನುವವರು ಈ ಗುಣಾಕಾರ ಮಾಡಿಲ್ಲ. ಅದಕ್ಕಿಂತ ಅನುಕೂಲ ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. 10 ಗ್ರಾಂ ಸುಣ್ಣಕ್ಕೆ 13 ಗ್ರಾಂ ಸಾಕು, ವಾಸನೆಯೂ ಇಲ್ಲ. ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಇದನ್ನು ನಿಂಬೆರಸದಿಂದ ಬೇರ್ಪಡಿಸಿದ್ದು 1784ರಲ್ಲಿ. ಇಂದಿನ ನಿಂಬೆ ಉಪ್ಪು ಮಾತ್ರ ನಿಂಬೆಯ ಮುಖವನ್ನೇ ನೋಡಿರುವುದಿಲ್ಲ. ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು ಸಕ್ಕರೆ ತಿಂದು ಸಿಟ್ರಿಕ್ ಆಮ್ಲ ಬಿಡುತ್ತದೆ ಎಂದು ಅಮೆರಿಕದ ಜೇಮ್ಸ್ ಕರಿ 1917ರಲ್ಲಿ ತೋರಿಸಿದ ಮೇಲೆ ಕಾರ್ಖಾನೆಗಳು ಹಣ್ಣನ್ನು ಬಿಟ್ಟು ಬೂಷ್ಟನ್ನು ಹಿಡಿದವು.

ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು. ಬಿಚ್ಚಿದ ಶವರ್ ತಲೆಯನ್ನೋ ನಲ್ಲಿಯ ಜಾಲರಿಯನ್ನೋ ಅದರಲ್ಲಿ ಅರ್ಧ ಗಂಟೆ, ಒಂದು ಗಂಟೆ ಮುಳುಗಿಸಿಡಿ. ಬಿಚ್ಚಲಾಗದ ನಲ್ಲಿಗೆ ಅದೇ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ. ರಾತ್ರಿಯಿಡೀ ಬಿಡುವ ಆಸೆ ಬೇಡ, ಹೊಳಪಿನ ಕೆಳಗೆ ಹಿತ್ತಾಳೆಯಿದೆ, ಅದೂ ಹುಳಿಗೆ ಸವೆಯುತ್ತದೆ. ನೀರು ಬೆಚ್ಚಗಿದ್ದರೆ ಸಾಕು, ಕುದಿಸುವುದು ಬೇಡ. ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ತಾನೇ ಇಳಿದು ಹೊಸ ಪದರ ಕಟ್ಟೀತು. ಪದರ ದಪ್ಪವಾಗಿದ್ದರೆ ಒಂದೇ ಸಲಕ್ಕೆ ಗಾಢ ಮಾಡುವ ಬದಲು ನೀರು ಬದಲಿಸಿ ಎರಡು ಮೂರು ಸುತ್ತು ಮಾಡುವುದು ಲೇಸು. ಗೀಸರ್ ಆದರೆ ಮೆಕ್ಯಾನಿಕ್‌ನ ಕೆಲಸ, ವಿದ್ಯುತ್ತಿನ ಜೊತೆ ಮನೆಮದ್ದು ಬೇಡ.

ಮೊಬೈಲಿನ ವಿಡಿಯೊಗಳಲ್ಲಿ ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ನೊರೆ ಉಕ್ಕಿಸುತ್ತಾರಲ್ಲ, ಅದರಷ್ಟು ನಿರುಪಯೋಗಿ ಮನರಂಜನೆ ಇನ್ನೊಂದಿಲ್ಲ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಬಟ್ಟಲಲ್ಲೇ ಕಾದಾಡಿ ಸತ್ತು ಉಳಿಯುವುದು ಸೋಡಿಯಂ ಅಸಿಟೇಟಿನ ಸಪ್ಪೆ ನೀರು. ಸುಣ್ಣವನ್ನು ತಿನ್ನಬೇಕಾಗಿದ್ದ ಆಮ್ಲ ಸೋಡಾವನ್ನು ತಿಂದು ಮುಗಿಸಿರುತ್ತದೆ.

ಇನ್ನು ಕೆಂಪು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಮುರಕಲ್ಲನ್ನು ನೋಡಿ ಬೆರಗಾದ. ನೆಲದಲ್ಲಿದ್ದಾಗ ಹಾರೆಗೆ ಸುಲಭವಾಗಿ ಕತ್ತರಿಸಬಹುದಾದ ಕಲ್ಲು, ಗಾಳಿಗೆ ಒಡ್ಡಿದರೆ ಇಟ್ಟಿಗೆಗಿಂತ ಗಟ್ಟಿ. ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಬಿದ್ದದ್ದು 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ. ಈ ಕಲ್ಲಿನ ಕೆಂಪೆಲ್ಲ ಕಬ್ಬಿಣ. ಗದ್ದೆ ಬದಿಯ ತಗ್ಗಿನ ಬಾವಿಗಳಲ್ಲಿ, ಆಳದ ಬೋರ್‌ಗಳಲ್ಲಿ ಗಾಳಿಯ ಸಂಪರ್ಕ ಇಲ್ಲದೆಡೆ ಆ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ, ಬಣ್ಣವೇ ಇರುವುದಿಲ್ಲ. ಸೇದಿ ಇಟ್ಟ ಕೊಡಕ್ಕೆ ಗಾಳಿ ತಾಗಿದ ಮೇಲೆ ನಿಧಾನವಾಗಿ ಕೆಂಪು ಮಡ್ಡಿ ಕೂರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೆ, ಪಿಂಗಾಣಿಗೆ ಕಲೆ ಹಿಡಿಯಲು ಶುರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ನೀರಿನ ಮೇಲೆ ಕೆಲವೊಮ್ಮೆ ಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ಪೊರೆ ತೇಲುತ್ತದೆ. ಕಡ್ಡಿಯಿಂದ ಕೆದಕಿ ನೋಡಿ: ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಕಬ್ಬಿಣ ತಿಂದು ಬದುಕುವ ಬ್ಯಾಕ್ಟೀರಿಯಾಗಳ ಪೊರೆಯಾದರೆ ಗಾಜಿನಂತೆ ಚೂರುಚೂರಾಗಿ ಬೇರೆಯಾಗುತ್ತದೆ.

ಬಯಲುಸೀಮೆಯ ಮನೆಗಳಲ್ಲೂ ಕೆಂಪು ಕಾಣುವುದುಂಟು, ಅದು ಹೆಚ್ಚಾಗಿ ಹಳೆಯ ಜಿಐ ಪೈಪಿನ ತುಕ್ಕು. ಬೆಳಗಿನ ಮೊದಲ ಬಕೆಟ್ ಮಾತ್ರ ಕೆಂಪಾಗಿ ಆಮೇಲೆ ತಿಳಿಯಾದರೆ ಪೈಪಿನದು. ತಿಳಿಯಾಗಿ ಬಂದು ನಿಂತ ಮೇಲೆ ಕೆಂಪಾದರೆ ನೆಲದಡಿಯದು.

ಕೆಂಪು ಕಲೆಗೆ ಸುಮ್ಮನೆ ಹುಳಿಯಾದರೆ ಸಾಲದು, ಕಬ್ಬಿಣವನ್ನು ಹಿಡಿದೆಳೆದು ನೀರಿಗೆ ತರುವ ಹುಳಿ ಬೇಕು. ವಿನೆಗರ್ ಇದರಲ್ಲಿ ಸೋಮಾರಿ. ಸಿಟ್ರಿಕ್ ಪರವಾಗಿಲ್ಲ. ಹುಣಸೆಯ ಟಾರ್ಟಾರಿಕ್ ಆಮ್ಲವೂ ಪರವಾಗಿಲ್ಲ. ಎಲ್ಲರಿಗಿಂತ ಮುಂದೆ ಇರುವುದು ಆಕ್ಸಾಲಿಕ್ ಆಮ್ಲ. ಅದು ತುಕ್ಕಿನಲ್ಲಿರುವ ಫೆರಿಕ್ ರೂಪದ ಕಬ್ಬಿಣವನ್ನು ಸುತ್ತುವರಿದು ನೀರಲ್ಲಿ ಕರಗುವ ಸಂಯುಕ್ತವಾಗಿಸುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಹಿತ್ತಿಲುಗಳಲ್ಲಿ ಮರದ ಕಾಂಡಕ್ಕೇ ಗೊಂಚಲು ಗೊಂಚಲಾಗಿ ಜೋತುಬೀಳುವ ಬಿಂಬುಳಿಯಲ್ಲಿ ಈ ಆಮ್ಲ ಧಾರಾಳವಾಗಿದೆ. ಸಾರಿಗೆ, ಉಪ್ಪಿನಕಾಯಿಗೆ ಬಳಸಿ ಮಿಕ್ಕ ಬಿಂಬುಳಿಯಿಂದ ಹಿತ್ತಾಳೆ ಬೆಳಗುವುದು, ಬಟ್ಟೆಯ ತುಕ್ಕಿನ ಕಲೆ ಉಜ್ಜುವುದು ಹಳೆಯ ರೂಢಿ. ಕಬ್ಬಿಣದ ನೀರಿನ ಊರಲ್ಲೇ ಅದರ ಮದ್ದಿನ ಮರ ಹಿತ್ತಿಲಲ್ಲಿ ನಿಂತಿದೆ. ಅಂದಹಾಗೆ ಆಕ್ಸಾಲಿಕ್ ಆಮ್ಲವನ್ನು 1776ರಲ್ಲಿ ಸಕ್ಕರೆಯಿಂದ ತಯಾರಿಸಿ ತೋರಿಸಿದವನೂ ಅದೇ ಶೀಲೆ.

ಬಿಳಿ ಬಟ್ಟೆಯ ತುಕ್ಕಿಗೆ ನಿಂಬೆರಸ ಹಿಂಡಿ ಬಿಸಿಲಿಗೆ ಹಾಕಬೇಕು ಎಂಬ ಅಜ್ಜಿಯ ಮಾತಿನಲ್ಲಿ ಬಿಸಿಲಿನ ಪಾತ್ರ ದೊಡ್ಡದು. ಸಿಟ್ರಿಕ್ ಆಮ್ಲ ಹಿಡಿದ ಕಬ್ಬಿಣ ಬೆಳಕು ಬಿದ್ದಾಗ ಫೆರಿಕ್ ರೂಪದಿಂದ ಫೆರಸ್ ರೂಪಕ್ಕೆ ಇಳಿಯುತ್ತದೆ, ಆ ರೂಪ ನೀರಿಗೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ಆಮೇಲೆ ಇಂಜಿನಿಯರುಗಳ ನೀಲಿನಕ್ಷೆಗೆ ಆಧಾರವಾದ ಮುದ್ರಣ ವಿಧಾನ ನಿಂತಿರುವುದೂ ಇದೇ ಕ್ರಿಯೆಯ ಮೇಲೆ. ನಿಂಬೆ ಒಣಗದಂತೆ ಮತ್ತೆ ಮತ್ತೆ ಒದ್ದೆ ಮಾಡಿ, ಕೊನೆಗೆ ಚೆನ್ನಾಗಿ ಜಾಲಿಸಬೇಕು ಅಷ್ಟೆ. ಬಣ್ಣದ ಬಟ್ಟೆಗೆ ಬೇಡ, ಬಣ್ಣವೂ ಹೋದೀತು.

ತುಕ್ಕಿನ ಕಲೆಗೆ ಬ್ಲೀಚ್ ಮಾತ್ರ ಕೂಡದು. ಬ್ಲೀಚ್ ಮಾಡುವುದು ಆಕ್ಸಿಡೀಕರಣ. ತುಕ್ಕು ಆಗಿರುವುದೇ ಆಕ್ಸಿಡೀಕರಣದಿಂದ. ನೀರಿನಲ್ಲಿ ಇನ್ನೂ ಕರಗಿದ್ದ ಕಬ್ಬಿಣವನ್ನೂ ಅದು ತುಕ್ಕಾಗಿಸಿ ಎಳೆಯೊಳಗೆ ಕೂರಿಸುತ್ತದೆ. ಕರಾವಳಿಯಲ್ಲಿ ಹೊಸ ಬಿಳಿ ಅಂಗಿ ಬ್ಲೀಚಿಗೆ ಬಿದ್ದು ಹಳದಿಯಾಗಿ ಬಂದರೆ ಕಾರಣ ಇದು.

ಹಾಗಾದರೆ ಬಿಳಿ ಕೆಂಪು ಎರಡಕ್ಕೂ ಆಕ್ಸಾಲಿಕ್ ಒಂದೇ ಸಾಕಲ್ಲವೆ? ಸಾಲದು. ಸುಣ್ಣದ ಮೇಲೆ ಬಿದ್ದ ಆಕ್ಸಾಲಿಕ್, ನೀರಲ್ಲಿ ಕರಗದ ಕ್ಯಾಲ್ಸಿಯಂ ಆಕ್ಸಲೇಟಿನ ಚರ್ಮ ಕಟ್ಟಿ ಅಲ್ಲೇ ನಿಲ್ಲುತ್ತದೆ. ಕಲೆ ಎರಡೂ ಬಗೆಯದಾಗಿದ್ದರೆ ಮೊದಲು ಸಿಟ್ರಿಕ್‌ನಿಂದ ಬಿಳಿ ತೆಗೆದು, ತೊಳೆದು, ಆಮೇಲೆ ಕೆಂಪಿಗೆ ಕೈಹಾಕಬೇಕು. ಆಕ್ಸಾಲಿಕ್ ಪುಡಿ ನೋಡಲು ಸಕ್ಕರೆಯಂತೆ, ಉಪ್ಪಿನಂತೆ ಬಿಳಿ. ಹೊಟ್ಟೆಗೆ ಹೋದರೆ ಮೂತ್ರಪಿಂಡವನ್ನೇ ಕೆಡಿಸುವ ವಿಷ. ಅಡುಗೆಮನೆಯಲ್ಲಿ ಇಡಲೇಬೇಡಿ, ಕೈಗವಸು ಇಲ್ಲದೆ ಮುಟ್ಟಬೇಡಿ, ಅಡುಗೆ ಪಾತ್ರೆಗಳಿಗೆ ಬಳಸಬೇಡಿ.

ಈಗ ಕಲೆಯ ಕೆಳಗಿನ ನೆಲಕ್ಕೆ ಬರೋಣ. ಉತ್ತರ ಕರ್ನಾಟಕದ ಮನೆ, ಶಾಲೆ, ಬಸ್ ನಿಲ್ದಾಣಗಳಲ್ಲಿ ತಲೆಮಾರುಗಳಿಂದ ತುಳಿಸಿಕೊಳ್ಳುತ್ತ ಬಂದಿರುವ ಶಹಾಬಾದ್ ಕಲ್ಲು ಸುಣ್ಣಶಿಲೆ. ಕಲಬುರಗಿಯ ಅದೇ ಸೀಮೆಯಲ್ಲಿ ವಾಡಿ, ಶಹಾಬಾದಿನ ಸಿಮೆಂಟ್ ಕಾರ್ಖಾನೆಗಳು ಎದ್ದದ್ದೂ ಆ ಶಿಲೆಯನ್ನು ನಂಬಿಯೇ. ನಲ್ಲಿಯ ಬಿಳಿ ಪದರವೂ ಶಹಾಬಾದ್ ಚಪ್ಪಡಿಯೂ ರಾಸಾಯನಿಕವಾಗಿ ಒಂದೇ ಕುಲ. ಟಾಯ್ಲೆಟ್ ಕ್ಲೀನರಿನ ನಾಲ್ಕು ಹನಿ ಅದರ ಮೇಲೆ ಬಿದ್ದರೆ ನೊರೆಯೆದ್ದು, ತೊಳೆದ ಮೇಲೆ ಮಂಕಾದ ಒರಟು ಮಚ್ಚೆ ಉಳಿಯುತ್ತದೆ. ಜನ ಅದನ್ನು ಹೊಸ ಕಲೆ ಎಂದುಕೊಂಡು ಇನ್ನಷ್ಟು ಆಮ್ಲ ಸುರಿಯುತ್ತಾರೆ. ಅಲ್ಲಿ ಕಲೆ ಇಲ್ಲ, ಕಲ್ಲೇ ಸವೆದಿದೆ. ಅಡುಗೆ ಕಟ್ಟೆಯ ಕಪ್ಪು ಕಡಪ ಕಲ್ಲು, ದೇವರಮನೆಯ ಅಮೃತಶಿಲೆ, ಹಳೆಯ ಮೊಸಾಯಿಕ್, ಟೈಲ್ಸ್ ನಡುವಿನ ಸಿಮೆಂಟ್ ಗೆರೆ, ಇವೆಲ್ಲಕ್ಕೂ ಅದೇ ಗತಿ; ನಿಂಬೆರಸವೂ ಸಾಕು. ರೆಡ್ ಆಕ್ಸೈಡ್ ನೆಲದ ಪರಿಸ್ಥಿತಿ ಇನ್ನೂ ವಿಚಿತ್ರ: ಅದರ ಸಿಮೆಂಟು ಸುಣ್ಣದ ಬಳಗ, ಬಣ್ಣ ಕಬ್ಬಿಣದ ಬಳಗ. ಬಿಳಿಗೆ ಹಾಕುವ ಮದ್ದೂ ಕೆಂಪಿಗೆ ಹಾಕುವ ಮದ್ದೂ ಅದನ್ನೇ ತಿನ್ನುತ್ತವೆ. ಗ್ರಾನೈಟ್, ಪಿಂಗಾಣಿ, ಗಾಜು, ಗ್ಲೇಜ್ ಇರುವ ಟೈಲ್ಸ್ ಮನೆಯ ಹುಳಿಗಳಿಗೆ ಜಗ್ಗುವುದಿಲ್ಲ.

ಕಮೋಡಿಗೆಂದು ಮಾರುವ ಹಾರ್ಪಿಕ್‌ನಂಥ ದ್ರವಗಳಲ್ಲಿ ಶೇ 10ರ ಆಸುಪಾಸು ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಪಿಂಗಾಣಿಯ ಮೇಲೆ ಅದು ಬಿಳಿಯನ್ನೂ ಕೆಂಪನ್ನೂ ಕರಗಿಸುತ್ತದೆ, ಸರಿ. ನಲ್ಲಿಯ ಕ್ರೋಮ್ ಲೇಪವನ್ನೂ ಕರಗಿಸುತ್ತದೆ. ಸ್ಟೀಲ್ ಸಿಂಕಿನ ಮೇಲೆ ಬಿಟ್ಟರೆ ಕ್ಲೋರೈಡ್ ಅದರ ರಕ್ಷಾಪೊರೆಯನ್ನು ಚುಚ್ಚಿ ಸಣ್ಣ ಗುಂಡಿಗಳನ್ನು ತೋಡುತ್ತದೆ. ತಳ್ಳುಗಾಡಿಯಲ್ಲಿ ಫಿನಾಯಿಲ್ ಜೊತೆ ಹಳೆಯ ಬಾಟಲಿಗಳಿಗೆ ತುಂಬಿ ಮಾರುತ್ತಿದ್ದ 'ಆಸಿಡ್' ಇದಕ್ಕಿಂತ ಎಷ್ಟೋ ಪಾಲು ಗಾಢ. ಆಸಿಡ್ ದಾಳಿಗಳ ವಿರುದ್ಧದ ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಬಿಡಿ ಮಾರಾಟಕ್ಕೆ ಕಡಿವಾಣ ಹಾಕಿತು: ಕೊಳ್ಳುವವರ ಗುರುತು, ವಿಳಾಸ ದಾಖಲಿಸಬೇಕು, 18 ವರ್ಷದೊಳಗಿನವರಿಗೆ ಮಾರಕೂಡದು. ಬಚ್ಚಲು ಬೆಳ್ಳಗಾಗಲು ಅಂಥ ದ್ರವ ಮನೆಯಲ್ಲಿ ಇರಲೇಬೇಕೆಂದು ನನಗಂತೂ ಅನ್ನಿಸುವುದಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಎರಡು ಬಾಟಲಿಗಳ ಜೊತೆಗಾರಿಕೆ. ಆಸಿಡ್ ಹಾಕಿ ಕಲೆ ಹೋಗಲಿಲ್ಲವೆಂದು ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದರೆ ಏಳುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ಕೆಳಗೇ ನಿಲ್ಲುತ್ತದೆ, ಕುಕ್ಕರಗಾಲಲ್ಲಿ ಕೂತು ಉಜ್ಜುವವರ ಮುಖದ ಮಟ್ಟದಲ್ಲಿ. ವಿನೆಗರ್ ಮತ್ತು ಬ್ಲೀಚ್ ಸೇರಿದರೂ ಅದೇ ಅನಿಲ. ಬಹಳ ಮನೆಗಳಲ್ಲಿ ಈ ಕೆಲಸ ಮಾಡುವವರು ಮನೆಗೆಲಸದವರು. ಬಾಟಲಿಯ ಮೇಲಿನ ಸಣ್ಣಕ್ಷರ ಓದಿ ಹೇಳುವ ಹೊಣೆ ಮಾಲೀಕರದು. ಚರ್ಮಕ್ಕೆ, ಕಣ್ಣಿಗೆ ಆಮ್ಲ ಸಿಡಿದರೆ ಹರಿಯುವ ನೀರಿನಲ್ಲಿ 15–20 ನಿಮಿಷ ಬಿಡದೆ ತೊಳೆಯಬೇಕು. ಮಗು ನುಂಗಿದ್ದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಓಡಬೇಕು.

ಕಲೆ ತೆಗೆಯುವುದಕ್ಕಿಂತ ಕಟ್ಟದಂತೆ ನೋಡುವುದು ಅಗ್ಗ. ಗೀಸರನ್ನು ಕುದಿಯುವ ಮಟ್ಟಕ್ಕೆ ತಿರುಗಿಸಿ ಆಮೇಲೆ ತಣ್ಣೀರು ಬೆರೆಸುವ ಬದಲು ಸ್ವಲ್ಪ ಕೆಳಗಿಟ್ಟರೆ ಕಾಯಿಲ್‌ಗೆ ಅಂಟುವ ಸುಣ್ಣ ಕಡಿಮೆ. ಗಾಜಿನ ಬಾಗಿಲಿನ ಮೇಲೆ ಕಲೆ ಕೂರುವುದು ಹನಿ ಒಣಗಿದಾಗ, ಸ್ನಾನವಾದ ಕೂಡಲೇ ಒಮ್ಮೆ ವೈಪರ್ ಎಳೆದರೆ ಒಣಗಲು ಹನಿಯೇ ಉಳಿಯದು. ಅಪಾರ್ಟ್‌ಮೆಂಟುಗಳ ಸಾಫ್ಟನರ್ ಯಂತ್ರ ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ. ಅದನ್ನು ಮತ್ತೆ ಚುರುಕಾಗಿಸಲು ಹಾಕುವ ಮೂಟೆಗಟ್ಟಲೆ ಉಪ್ಪು ಕೊನೆಗೆ ತ್ಯಾಜ್ಯ ನೀರಿಗೇ ಸೇರುತ್ತದೆ, ಆ ನೀರನ್ನು ತೋಟಕ್ಕೆ ಬಿಟ್ಟರೆ ಎಲೆಗಳ ಅಂಚು ಸುಡುತ್ತದೆ. ಕಬ್ಬಿಣದ ನೀರಿಗೆ ಇಷ್ಟೆಲ್ಲ ಬೇಡ. ಟ್ಯಾಂಕಿಗೆ ಬೀಳುವ ನೀರನ್ನು ತೂತು ಕೊರೆದ ಪೈಪಿನಿಂದ ಎತ್ತರದಿಂದ ಚಿಮ್ಮಿಸಿದರೆ ಗಾಳಿ ಬೆರೆತು ಕಬ್ಬಿಣ ಟ್ಯಾಂಕಿನಲ್ಲೇ ಕೆಂಪಾಗುತ್ತದೆ. ರಾತ್ರಿ ತಂಗಲು ಬಿಟ್ಟು, ಮರಳು ಜಲ್ಲಿಯ ಸೋಸುಕದಿಂದ ಇಳಿಸಿದರೆ ಬಟ್ಟೆಗೆ ಬರುವುದು ತಿಳಿನೀರು. ಸೋಸುಕದ ಮೇಲ್ಪದರದ ಮರಳು ಇಟ್ಟಿಗೆ ಬಣ್ಣಕ್ಕೆ ತಿರುಗಿ ನೀರು ಇಳಿಯುವುದು ನಿಧಾನವಾದಾಗ ಅದನ್ನು ತೆಗೆದು ತೊಳೆದು ಹಾಕಬೇಕು. ಆ ತೊಳೆಯುವಿಕೆಗೆ ಯಾವ ಆಮ್ಲವೂ ಬೇಡ, ಬಕೆಟ್ಟು ಮತ್ತು ರಟ್ಟೆ ಸಾಕು.